ಹಣ್ಣೆಲೆಗೆ ಹೆಸರಿಟ್ಟ ನಾಡು

ಜಪಾನಿನ ಪ್ರಾಚೀನ ಯುದ್ಧಕಥನ ‘ಹೈಕೆ ಮೊನೊಗತಾರಿ’ಯಲ್ಲಿ ಒಂದು ಪುಟ್ಟ ಪ್ರಸಂಗ ಬರುತ್ತದೆ. ಚಕ್ರವರ್ತಿ ತಕಾಕುರ ಆಗಿನ್ನೂ ಹತ್ತು ವರ್ಷದ ಹುಡುಗ. ಶರತ್ಕಾಲದ ಕೆಂಪೆಲೆಗಳೆಂದರೆ ಅವನಿಗೆ ಪ್ರಾಣ. ಅವನಿಗಾಗಿಯೇ ಅರಮನೆಯ ಉತ್ತರದ ಬಾಗಿಲ ಬಳಿ ಒಂದು ದಿಬ್ಬ ಮಾಡಿ, ಬಣ್ಣ ತಿರುಗುವ ಮರಗಳನ್ನು ನೆಟ್ಟು, ಅದಕ್ಕೆ ‘ಕೆಂಪೆಲೆಯ ಬೆಟ್ಟ’ ಎಂದು ಹೆಸರಿಟ್ಟಿದ್ದರು. ದಿನವಿಡೀ ನೋಡಿದರೂ ಹುಡುಗನಿಗೆ ತಣಿವಿಲ್ಲ. ಒಂದು ರಾತ್ರಿ ಬಿರುಗಾಳಿ ಬೀಸಿ ಎಲೆಗಳು ನೆಲದ ತುಂಬ ಉದುರಿದವು. ಬೆಳಗ್ಗೆ ಅಂಗಳ ಗುಡಿಸುವ ಆಳುಗಳು ಬಂದರು. ಅವರ ಪಾಲಿಗೆ ಅದು ಬರೀ ಕಸ. ಗುಡಿಸಿ ಒಟ್ಟುಮಾಡಿ, ಬೆಂಕಿ ಹಚ್ಚಿ, ಕೊರೆಯುವ ಚಳಿಯಲ್ಲಿ ಅದರ ಮೇಲೆಯೇ ಅಕ್ಕಿಯ ಮದ್ಯವನ್ನು ಬಿಸಿ ಮಾಡಿಕೊಂಡು ಕುಡಿದರು.

ಮೇಲ್ವಿಚಾರಕ ಬಂದು ನೋಡಿದಾಗ ಬೆಟ್ಟ ಬೋಳಾಗಿತ್ತು. ಆಳುಗಳಿಗೆ ಸೆರೆಮನೆಯೋ ಗಡೀಪಾರೋ ತಪ್ಪದು ಎಂದು ಅವನು ನಡುಗಿಹೋದ. ಅಷ್ಟರಲ್ಲಿ ಚಕ್ರವರ್ತಿಯೇ ಎದ್ದು ಬಂದ. ನಡೆದದ್ದನ್ನು ಕೇಳಿ ನಕ್ಕುಬಿಟ್ಟ. ಕಾಡಿನ ನಡುವೆ ಕೆಂಪೆಲೆ ಸುಟ್ಟು ಮದ್ಯ ಕಾಯಿಸುವ ಮಾತು ಚೀನಾದ ಕವಿ ಬೈ ಜೂಯಿಯ ಪದ್ಯವೊಂದರಲ್ಲಿದೆಯಲ್ಲ, ಇವರಿಗೆ ಅದನ್ನು ಕಲಿಸಿಕೊಟ್ಟವರು ಯಾರು ಎಂದು ಕೇಳಿದ. ಶಿಕ್ಷೆಯಾಗುವ ಬದಲು ಆಳುಗಳಿಗೆ ಮೆಚ್ಚುಗೆ ಸಿಕ್ಕಿತು.

1168ರಲ್ಲಿ ಪಟ್ಟಕ್ಕೆ ಬಂದ ತಕಾಕುರ 1181ರಲ್ಲಿ, ಇಪ್ಪತ್ತರ ಹರೆಯದಲ್ಲೇ ತೀರಿಕೊಂಡ. ಕಥನಕಾರರು ಈ ಪ್ರಸಂಗವನ್ನು ಹೇಳುವುದು ಅವನ ಸಾವಿನ ನಂತರ, ಅವನ ಕರುಣೆಯನ್ನು ನೆನೆಯುತ್ತ. ಅದೇನೇ ಇರಲಿ, ಉದುರಿದ ಎಲೆಯ ಬಗ್ಗೆ ಜಪಾನೀಯರು ನಡೆಸಿದ ಸುದೀರ್ಘ ಸಂವಾದವೆಲ್ಲ ಈ ಪುಟ್ಟ ಕಥೆಯಲ್ಲಿ ಅಡಗಿದೆ. ಒಂದೇ ಎಲೆ ಒಬ್ಬನಿಗೆ ಸಂಪತ್ತು, ಇನ್ನೊಬ್ಬನಿಗೆ ಕಸ, ಮತ್ತೊಬ್ಬನಿಗೆ ಸೌದೆ. ಯಾರ ನೋಟ ಸರಿ?

ಹಳದಿಯಿಂದ ಕೆಂಪಿಗೆ

ಈ ಸಂವಾದದ ಮೊದಲ ದಾಖಲೆ ಏಳನೆಯ ಶತಮಾನದಷ್ಟು ಹಳೆಯದು. ವಸಂತದ ಹೂವಿನ ಸೊಗಸು ಹೆಚ್ಚೋ, ಶರತ್ಕಾಲದ ಎಲೆಗಳ ಬಣ್ಣ ಹೆಚ್ಚೋ ಎಂದು ಚಕ್ರವರ್ತಿ ತೆಂಜಿ ತನ್ನ ಆಸ್ಥಾನದಲ್ಲಿ ಪ್ರಶ್ನೆ ಹಾಕಿದ. ಕವಯಿತ್ರಿ ನುಕಾತ ಪದ್ಯದಲ್ಲೇ ತೀರ್ಪು ಕೊಟ್ಟಳು. ವಸಂತದಲ್ಲಿ ಹುಲ್ಲು ಪೊದೆಗಳು ದಟ್ಟವಾಗಿ ಬೆಳೆದು ಹೂವು ಕೈಗೆಟಕುವುದಿಲ್ಲ. ಶರತ್ಕಾಲದ ಎಲೆಯನ್ನಾದರೋ ಕೈಯಲ್ಲಿ ಹಿಡಿದು ನೋಡಬಹುದು. ಆದ್ದರಿಂದ ತನ್ನ ಮತ ಶರತ್ಕಾಲಕ್ಕೆ ಎಂಬುದು ಅವಳ ವಾದದ ಸಾರ. ಎಂಟನೆಯ ಶತಮಾನದಲ್ಲಿ ಸಂಕಲನಗೊಂಡ, ಸುಮಾರು 4,500 ಪದ್ಯಗಳ ‘ಮನ್‌ಯೋಶೂ’ ಗ್ರಂಥದಲ್ಲಿ ಈ ತೀರ್ಪು ಉಳಿದುಬಂದಿದೆ.

ಇಲ್ಲೊಂದು ಸ್ವಾರಸ್ಯವಿದೆ. ಇಂದು ಜಪಾನಿನ ಶರತ್ಕಾಲವೆಂದರೆ ಕಣ್ಣ ಮುಂದೆ ಬರುವುದು ಕೆಂಪು ಮೇಪಲ್ ಎಲೆ. ಬಣ್ಣ ತಿರುಗಿದ ಎಲೆಗೆ ಅವರ ಮಾತು ‘ಮೊಮಿಜಿ’. ಮೇಪಲ್ ಮರಕ್ಕೂ ಅದೇ ಹೆಸರು ರೂಢಿಯಾಗಿದೆ. ಆದರೆ ‘ಮನ್‌ಯೋಶೂ’ವಿನಲ್ಲಿ ಈ ಪದವನ್ನು ಬಹುಮಟ್ಟಿಗೆ ‘ಹಳದಿ ಎಲೆ’ ಎಂಬರ್ಥದ ಚೀನೀ ಅಕ್ಷರಗಳಿಂದ ಬರೆದಿದ್ದಾರೆ. ‘ಕೆಂಪೆಲೆ’ ಎಂದು ಬರೆಯುವುದು ರೂಢಿಗೆ ಬಂದದ್ದು ಮುಂದಿನ ಹೈಯಾನ್ ಯುಗದಲ್ಲಿ. ಆ ನಡುವೆ ಜಪಾನಿನ ಮರಗಳೇನೂ ಬದಲಾಗಲಿಲ್ಲ. ಬದಲಾದದ್ದು ಓದುವ ಪುಸ್ತಕ. ಹಳೆಯ ಚೀನೀ ಕಾವ್ಯದ ಹಳದಿ ಎಲೆಯ ಜಾಗಕ್ಕೆ ತಾಂಗ್ ಯುಗದ ಕೆಂಪೆಲೆ ಬಂತು. ಅದರಲ್ಲೂ ಒಂಬತ್ತನೆಯ ಶತಮಾನದಲ್ಲಿ ತೀರಿಕೊಂಡ ಬೈ ಜೂಯಿಯ ಕಾವ್ಯವನ್ನು ಜಪಾನಿನ ಆಸ್ಥಾನಿಕರು ಕಂಠಪಾಠ ಮಾಡುತ್ತಿದ್ದರು. ಬಾಲಕ ತಕಾಕುರನ ಬಾಯಿಗೆ ಸಮಯಕ್ಕೆ ಸರಿಯಾಗಿ ಬಂದದ್ದೂ ಅವನ ಪದ್ಯವೇ. ಕಣ್ಣು ಯಾವ ಬಣ್ಣವನ್ನು ಮೊದಲು ಕಾಣುತ್ತದೆ ಎಂಬುದನ್ನು ಓದು ಕೂಡ ತೀರ್ಮಾನಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಕೊಳೆತ ಎಲೆಯ ಬಣ್ಣದ ಉಡುಪು

ಮರದ ಮೇಲಿನ ಕೆಂಪು ಎಲ್ಲ ದೇಶಗಳಲ್ಲೂ ಕವಿಗಳನ್ನು ಸೆಳೆದಿದೆ. ಜಪಾನೀಯರ ವಿಶೇಷವೆಂದರೆ, ಉದುರಿ ಬಣ್ಣ ಕಳೆದುಕೊಳ್ಳುತ್ತಿರುವ ಎಲೆಯನ್ನೂ ಅವರು ಬಿಡಲಿಲ್ಲ. ಹೈಯಾನ್ ಯುಗದ ಅರಮನೆಯ ಹೆಂಗಸರು ಒಂದರ ಮೇಲೊಂದು ಹಲವು ನಿಲುವಂಗಿಗಳನ್ನು ತೊಡುತ್ತಿದ್ದರು. ಕತ್ತಿನ ಬಳಿ, ತೋಳಿನ ಅಂಚಿನಲ್ಲಿ ಪದರ ಪದರವಾಗಿ ಕಾಣುವ ಬಣ್ಣಗಳು ಆಯಾ ಋತುವಿಗೆ ಹೊಂದಬೇಕಿತ್ತು. ಋತು ತಪ್ಪಿದ ಬಣ್ಣ ತೊಟ್ಟವಳಿಗೆ ಅಭಿರುಚಿಯಿಲ್ಲವೆಂದೇ ಲೆಕ್ಕ. ಶರತ್ಕಾಲದ ಈ ಬಣ್ಣಗಳಲ್ಲಿ ಒಂದರ ಹೆಸರು ‘ಕುಚಿಬ’. ಅದರ ಅರ್ಥ ಕೊಳೆಯುತ್ತಿರುವ ಎಲೆ.

ಅದೂ ಒಂದೇ ಬಣ್ಣವಲ್ಲ. ಹಸಿರು ಇನ್ನೂ ಪೂರ್ತಿ ಆರದ ಹಸಿರು ಕುಚಿಬ, ಹಳದಿ ಕುಚಿಬ, ಕೆಂಪು ಕುಚಿಬ ಎಂದು ಬೇರೆ ಬೇರೆ ಹೆಸರುಗಳಿದ್ದವು. ಬಟ್ಟೆಗೆ ಈ ಬಣ್ಣ ಕಟ್ಟಲು ಗಾರ್ಡೇನಿಯಾ ಕಾಯಿಯ ಹಳದಿಯ ಮೇಲೆ ಕುಸುಬೆ ಹೂವಿನ ಕೆಂಪನ್ನು ಏರಿಸುವ ಪದ್ಧತಿಯಿತ್ತು. ನಮ್ಮ ಉತ್ತರ ಕರ್ನಾಟಕದ ಎರೆಹೊಲಗಳಲ್ಲಿ ಎಣ್ಣೆಗಾಗಿ ಬೆಳೆಯುವ ಅದೇ ಕುಸುಬೆ ಅಲ್ಲಿ ಬಣ್ಣಗಾರರ ಬೆಳೆ.

ಕೊಳೆಯುವ ಎಲೆಯ ಹೆಸರನ್ನು ರೇಷ್ಮೆಯ ಉಡುಪಿಗೆ ಇಡುವುದು ನಮಗೆ ವಿಚಿತ್ರವೆನಿಸಬಹುದು. ಇದರ ಹಿಂದೆ ಬೌದ್ಧ ಧರ್ಮದ ಅನಿತ್ಯದ ಕಲ್ಪನೆಯಿದೆ. ‘ಧಮ್ಮಪದ’ದಲ್ಲಿ ಮುಪ್ಪಿನ ಮನುಷ್ಯನನ್ನು ಹಣ್ಣಾದ ಎಲೆಗೆ ಹೋಲಿಸಿದ ಮಾತಿದೆ. ‘ಹೈಕೆ ಮೊನೊಗತಾರಿ’ ಆರಂಭವಾಗುವುದೇ ಬುದ್ಧ ತಂಗಿದ್ದ ಜೇತವನ ವಿಹಾರದ ಗಂಟೆಯ ನಾದವನ್ನು ನೆನೆಯುವುದರಿಂದ. ಭಾರತದಿಂದ ಹೊರಟ ವಿಚಾರವೊಂದು ಚೀನಾ, ಕೊರಿಯಾಗಳನ್ನು ದಾಟಿ ಜಪಾನಿಗೆ ಹೋಗಿ, ಅಲ್ಲಿ ಉಡುಪಿನ ಬಣ್ಣವೂ ಆಯಿತು. ಎಲ್ಲವೂ ಅಳಿಯುವುದೇ ಆದರೆ ಅಳಿಯುವ ಗಳಿಗೆಯನ್ನೇ ಕಣ್ತುಂಬ ನೋಡಬೇಕು ಎಂಬುದು ಅವರು ಕಂಡುಕೊಂಡ ತಾತ್ಪರ್ಯ.

ಕನ್ನಡದ ದಾರಿ ಬೇರೆ. ನಾವು ಅಂಥ ಎಲೆಯನ್ನು ‘ಹಣ್ಣೆಲೆ’ ಎನ್ನುತ್ತೇವೆ. ಹಣ್ಣೆಲೆ ಉದುರುವಾಗ ಚಿಗುರೆಲೆ ನಗುತ್ತದೆ ಎಂಬ ಗಾದೆ ಮನೆಮನೆಯಲ್ಲೂ ಇದೆ. ಕೊಳೆಯುವುದಕ್ಕಿಂತ ಮಾಗುವುದು ನಮ್ಮವರ ಕಣ್ಣಿಗೆ ಬಿದ್ದಿದೆ.

ಗುಡಿಸಿದ ಅಂಗಳ, ಕಡಿಸಿದ ಚೆರಿ

ಕ್ಯೋಟೊ ನಗರದ ತೋಫುಕುಜಿ ಝೆನ್ ದೇವಾಲಯ ಸ್ಥಾಪನೆಯಾದದ್ದು 1236ರಲ್ಲಿ. ಅದರ ಮೂಲಪುರುಷ ಎನ್ನಿ ಎಂಬ ಭಿಕ್ಷು ಚೀನಾದಲ್ಲಿ ಅಭ್ಯಾಸ ಮುಗಿಸಿ 1241ರಲ್ಲಿ ಮರಳುವಾಗ ಮೂರು ಸೀಳಿನ ಎಲೆಯ ಒಂದು ಜಾತಿಯ ಮೇಪಲ್ ಸಸಿಯನ್ನು ತಂದನೆಂಬ ಪ್ರತೀತಿಯಿದೆ. ದೇವಾಲಯದ ಆವರಣದಲ್ಲಿ ಒಂದು ಕಣಿವೆ. ಕಣಿವೆಯ ಮೇಲೆ 1380ರಲ್ಲಿ ಕಟ್ಟಿದ ಮರದ ಸೇತುವೆ. ಕೆಳಗೆ ತುಂಬಿದ ಮೇಪಲ್ ತೋಪು. 1959ರ ಚಂಡಮಾರುತದಲ್ಲಿ ಆ ಸೇತುವೆ ಬಿದ್ದು, 1961ರಲ್ಲಿ ಮತ್ತೆ ಕಟ್ಟಲಾಯಿತು.

ಈ ದೇವಾಲಯದಲ್ಲಿ ಮೇಪಲ್ ಇದೆ, ಚೆರಿ ಮರಗಳಿಲ್ಲ. ಅದಕ್ಕೆ ಹೇಳುವ ಕಥೆ ಸೊಗಸಾಗಿದೆ. ಇಲ್ಲಿನ ಚಿತ್ರಕಾರ ಭಿಕ್ಷು ಮಿಂಚೊ 1408ರಲ್ಲಿ ಬುದ್ಧನ ಪರಿನಿರ್ವಾಣದ ಬೃಹತ್ ಚಿತ್ರವನ್ನು ಮುಗಿಸಿದ. ಮೆಚ್ಚಿದ ಶೋಗುನ್ ಅಶಿಕಾಗ ಯೋಶಿಮೋಚಿ ಏನು ಬೇಕಾದರೂ ಕೇಳು ಎಂದ. ಧನ ಬೇಡ, ಪದವಿ ಬೇಡ, ಇಲ್ಲಿರುವ ಚೆರಿ ಮರಗಳನ್ನು ಕಡಿಸಿಕೊಡಿ ಎಂದು ಮಿಂಚೊ ಕೇಳಿದನಂತೆ. ಹೂ ಬಿಟ್ಟಾಗ ಜನ ಜಾತ್ರೆಯಂತೆ ನೆರೆದು ಧ್ಯಾನದ ತಾಣ ವಿಹಾರಸ್ಥಳವಾಗುತ್ತದೆ ಎಂಬುದು ಅವನ ಚಿಂತೆ. ಇತಿಹಾಸದ ವ್ಯಂಗ್ಯವೆಂದರೆ, ಇಂದು ಮೇಪಲ್ ಎಲೆ ನೋಡಲು ಅಲ್ಲಿ ಅದಕ್ಕಿಂತ ದೊಡ್ಡ ಜಾತ್ರೆ ಸೇರುತ್ತದೆ. ನೂಕುನುಗ್ಗಲಿನ ಭಯದಿಂದ 2016ರಲ್ಲಿ ಎಲೆಯ ಋತುವಿನಲ್ಲಿ ಸೇತುವೆಯ ಮೇಲೆ ಫೋಟೊ ತೆಗೆಯುವುದನ್ನೇ ನಿಷೇಧಿಸಬೇಕಾಯಿತು.

ಚಹಾ ವಿಧಿಯ ಮಹಾಗುರು ಸೆನ್ ನೊ ರಿಕ್ಯೂವಿನ (1522–1591) ಬಗ್ಗೆಯೂ ಉದುರೆಲೆಯ ಕಥೆಯೊಂದಿದೆ. ಒಕಾಕುರ ಕಾಕುಜೊ 1906ರಲ್ಲಿ ಇಂಗ್ಲಿಷಿನಲ್ಲಿ ಬರೆದ ಚಹಾ ಕುರಿತ ಪುಸ್ತಕದಿಂದ ಅದು ಲೋಕಪ್ರಸಿದ್ಧವಾಯಿತು. ರಿಕ್ಯೂವಿನ ಮಗ ತೋಟದ ಹಾದಿಯನ್ನು ಗುಡಿಸಿ ತೊಳೆದ. ತಂದೆಗೆ ತೃಪ್ತಿಯಾಗಲಿಲ್ಲ. ಮತ್ತೆ ಗುಡಿಸಿದ. ಒಂದು ಕಡ್ಡಿ, ಒಂದು ಎಲೆ ಇಲ್ಲದಂತೆ ಮಾಡಿದೆ, ಇನ್ನೇನು ಉಳಿದಿದೆ ಎಂದು ಕೇಳಿದ. ರಿಕ್ಯೂ ತೋಟಕ್ಕಿಳಿದು ಒಂದು ಮರವನ್ನು ಹಿಡಿದು ಅಲುಗಿಸಿದ. ಕೆಂಪು, ಹೊಂಬಣ್ಣದ ಎಲೆಗಳು ಹಾದಿಯ ಮೇಲೆ ಚೆದುರಿ ಬಿದ್ದವು. ತೋಟವೆಂದರೆ ಹೀಗಿರಬೇಕು ಎಂಬುದು ಪಾಠ. ಅಂಗಳ ಗುಡಿಸದೆ ಬಿಟ್ಟಿದ್ದರೆ ಅದು ಸೋಮಾರಿತನ. ಗುಡಿಸಿದ ಮೇಲೆ ಉದುರಿಸಿದ್ದರಿಂದ ಅದು ಕಲೆ.

ಜನಸಾಮಾನ್ಯರ ಹಬ್ಬ

ಎಲೆ ನೋಡಲು ಬೆಟ್ಟಕ್ಕೆ ಹೋಗುವ ವಾಡಿಕೆಗೆ ‘ಮೊಮಿಜಿಗರಿ’ ಎಂದು ಹೆಸರು. ಅಕ್ಷರಶಃ ಅದು ಎಲೆಯ ಬೇಟೆ. ಮೊದಲಿಗೆ ಅದು ಆಸ್ಥಾನಿಕರ ವಿನೋದವಾಗಿತ್ತು. ಹದಿನಾರನೆಯ ಶತಮಾನದ ಚಿತ್ರಕಾರ ಕಾನೊ ಹಿದೆಯೋರಿ ಬರೆದ ತಕಾವೊ ಬೆಟ್ಟದ ಮಡಿಕೆ ಪರದೆಯನ್ನು ನೋಡಿದರೆ ಕಾಲ ಬದಲಾದದ್ದು ತಿಳಿಯುತ್ತದೆ. ಇಂದು ಟೋಕಿಯೊ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿರುವ ಆ ಚಿತ್ರದಲ್ಲಿ ಮಕ್ಕಳೊಂದಿಗೆ ಬಂದ ಹೆಂಗಸರು ನೆಲದ ಮೇಲೆ ಗುಂಪಾಗಿ ಕುಳಿತಿದ್ದಾರೆ, ಗಂಡಸರು ಕುಡಿದು ಕುಣಿಯುತ್ತಿದ್ದಾರೆ, ಚಹಾ ಮಾರುವವನು ವ್ಯಾಪಾರಕ್ಕೆ ನಿಂತಿದ್ದಾನೆ. ನಮ್ಮ ಯಾವುದಾದರೂ ಊರಿನ ವನಭೋಜನದ ದೃಶ್ಯದಂತೆಯೇ ಇದೆ.

ಎದೊ ಯುಗದಲ್ಲಿ, ಅಂದರೆ 1603ರಿಂದ 1868ರವರೆಗಿನ ಶೋಗುನರ ಆಳ್ವಿಕೆಯಲ್ಲಿ, ಇದು ನಗರದ ವರ್ತಕರು, ಕುಶಲಕರ್ಮಿಗಳವರೆಗೂ ಹಬ್ಬಿತು. ಆದರೆ ಅದೇ ಸರ್ಕಾರ ವರ್ತಕರು ಆಡಂಬರದ ಬಣ್ಣಗಳನ್ನು ತೊಡದಂತೆ ಮತ್ತೆ ಮತ್ತೆ ಕಟ್ಟಳೆ ಹೊರಡಿಸಿತು. ಕಡುಕೆಂಪು, ನೇರಳೆ ಕೈತಪ್ಪಿದವು. ಉಳಿದದ್ದು ಕಂದು ಮತ್ತು ಬೂದು. ಬಣ್ಣಗಾರರು ಸೋಲಲಿಲ್ಲ. ಆ ಎರಡರಲ್ಲೇ ಎಷ್ಟು ಛಾಯೆಗಳನ್ನು ತೆಗೆದರೆಂದರೆ ‘ನಲವತ್ತೆಂಟು ಕಂದು, ನೂರು ಬೂದು’ ಎಂಬ ನಾಣ್ಣುಡಿಯೇ ಹುಟ್ಟಿತು. ಅರಮನೆಯ ಹೆಂಗಸರು ಸೌಂದರ್ಯಕ್ಕಾಗಿ ಆಯ್ದುಕೊಂಡಿದ್ದ ಒಣಗಿದ ಎಲೆಯ ಮಬ್ಬು ಬಣ್ಣಗಳ ಬಳಗವನ್ನು ಪೇಟೆಯ ಜನ ಕಟ್ಟಳೆಗೆ ಮಣಿದು ತೊಟ್ಟು, ಅದರಲ್ಲೂ ಸೊಗಸು ಕಂಡರು.

ಇಸ್ಪೀಟಿನ ಎಲೆಗಳಿಗೂ ಮೇಪಲ್ ಇಳಿಯಿತು. ಹನ್ನೆರಡು ತಿಂಗಳಿಗೆ ಹನ್ನೆರಡು ಗಿಡಗಳಿರುವ ‘ಹನಫುದ’ ಆಟದಲ್ಲಿ ಅಕ್ಟೋಬರ್ ತಿಂಗಳಿಗೆ ಮೇಪಲ್ ಮತ್ತು ಜಿಂಕೆ. ಈ ಆಟದ ಎಲೆಗಳನ್ನು ತಯಾರಿಸಲು 1889ರಲ್ಲಿ ಕ್ಯೋಟೊದಲ್ಲಿ ಆರಂಭವಾದ ಸಣ್ಣ ಅಂಗಡಿಯೇ ಮುಂದೆ ವಿಡಿಯೊ ಆಟಗಳಿಂದ ಜಗತ್ಪ್ರಸಿದ್ಧವಾದ ನಿಂಟೆಂಡೊ ಸಂಸ್ಥೆ. ಒಸಾಕಾ ಬಳಿಯ ಮಿನೊ ಎಂಬಲ್ಲಿ ಮೇಪಲ್ ಎಲೆಯನ್ನು ಉಪ್ಪಿನಲ್ಲಿ ಹಾಕಿಟ್ಟು, ಸಿಹಿ ಹಿಟ್ಟಿನಲ್ಲಿ ಅದ್ದಿ, ಎಣ್ಣೆಯಲ್ಲಿ ಕರಿದು ಮಾರುತ್ತಾರೆ. ನೋಡಿ ತಣಿಯದವರು ತಿಂದು ತಣಿಯಬಹುದು.

ಬಣ್ಣ ಬರುವುದೆಲ್ಲಿಂದ, ಹೋಗುವುದೆಲ್ಲಿಗೆ?

ಎಲೆಯ ಹಸಿರಿಗೆ ಕಾರಣವಾದ ವಸ್ತುವನ್ನು ಬೇರ್ಪಡಿಸಿ 1817ರಲ್ಲಿ ಅದಕ್ಕೆ ಕ್ಲೋರೊಫಿಲ್ ಎಂದು ಹೆಸರಿಟ್ಟವರು ಫ್ರಾನ್ಸಿನ ಪೆಲ್ತಿಯೆ ಮತ್ತು ಕಾವೆಂತು. ಕನ್ನಡದಲ್ಲಿ ಅದು ಪತ್ರಹರಿತ್ತು. ಚಳಿ ಹತ್ತಿರವಾಗಿ ಹಗಲು ಕುಗ್ಗಿದಾಗ ಮರ ಎಲೆಯನ್ನು ಕಳಚಲು ಸಿದ್ಧವಾಗುತ್ತದೆ. ಅದಕ್ಕೆ ಮುನ್ನ ಎಲೆಯಲ್ಲಿರುವ ಸಾರಜನಕದಂಥ ಅಮೂಲ್ಯ ಸತ್ವಗಳನ್ನು ಕಾಂಡಕ್ಕೆ ಹಿಂದಕ್ಕೆಳೆದುಕೊಳ್ಳುತ್ತದೆ. ಪತ್ರಹರಿತ್ತು ಒಡೆದು ಹಸಿರು ಮಾಯವಾಗುತ್ತದೆ. ಹಳದಿಯ ಕೆರೋಟಿನಾಯ್ಡ್‌ಗಳು ಮೊದಲಿನಿಂದಲೂ ಎಲೆಯಲ್ಲಿದ್ದವೇ. ಹಸಿರಿನ ಮರೆ ಸರಿದಾಗ ಕಾಣುತ್ತವೆ. ಕೆಂಪು ಹಾಗಲ್ಲ. ಆಂಥೊಸಯನಿನ್ ಎಂಬ ಕೆಂಪು ವಸ್ತುವನ್ನು ಎಲೆ ಸಾಯುವ ಮುನ್ನ ಹೊಸದಾಗಿ ತಯಾರಿಸುತ್ತದೆ. ಬಿಸಿಲಿನ ಹಗಲು, ತಣ್ಣನೆಯ ರಾತ್ರಿ ಸಿಕ್ಕರೆ ಕೆಂಪು ರಂಗೇರುತ್ತದೆ.

ಉದುರಲಿರುವ ಎಲೆಗೆ ಹೊಸ ಬಣ್ಣದ ಖರ್ಚು ಏಕೆ? ಸತ್ವಗಳನ್ನು ಹಿಂದಕ್ಕೆ ಸಾಗಿಸುವವರೆಗೆ ಬಿಸಿಲಿನಿಂದ ಎಲೆಯನ್ನು ಕಾಪಾಡುವ ಕೊಡೆ ಅದು ಎನ್ನುವವರಿದ್ದಾರೆ. ಮೊಟ್ಟೆಯಿಡಲು ಬರುವ ಹೇನುಗಳಿಗೆ ಮರ ನೀಡುವ ಎಚ್ಚರಿಕೆ ಎಂಬ ಇನ್ನೊಂದು ವಾದವನ್ನು ಬ್ರಿಟನ್ನಿನ ಜೀವವಿಜ್ಞಾನಿ ಹ್ಯಾಮಿಲ್ಟನ್ ಮುಂದಿಟ್ಟರು. ಅದು ಅವರ ಮರಣಾನಂತರ 2001ರಲ್ಲಿ ಪ್ರಕಟವಾಯಿತು. ಚರ್ಚೆ ಇನ್ನೂ ಮುಗಿದಿಲ್ಲ.

ಮಾಯವಾದ ಹಸಿರು ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಗೆ ಉತ್ತರದ ಮೊದಲ ಎಳೆ ಸಿಕ್ಕಿದ್ದು 1991ರಲ್ಲಿ. ಪತ್ರಹರಿತ್ತು ಒಡೆದು ಆಗುವ ವಸ್ತುವಿಗೆ ಬಣ್ಣವೇ ಇಲ್ಲವೆಂದು ಯುರೋಪಿನ ವಿಜ್ಞಾನಿಗಳು ಆ ವರ್ಷ ತೋರಿಸಿದರು. ಕಣ್ಣಿಗೆ ಕಾಣದ್ದರಿಂದಲೇ ಅಷ್ಟು ಕಾಲ ಅದು ಯಾರ ಕೈಗೂ ಸಿಕ್ಕಿರಲಿಲ್ಲ. ಇನ್ನು ಉದುರಿದ ಎಲೆಯ ಕೆಂಪು ನೀರಿನಲ್ಲಿ ಕರಗುವಂಥದ್ದು. ಮಳೆ ಇಬ್ಬನಿಗಳಲ್ಲಿ ತೊಳೆದುಹೋಗುತ್ತದೆ. ಹಳದಿ ಬಿಸಿಲಿಗೆ ಮಾಸುತ್ತದೆ. ಕೊನೆಗೆ ಉಳಿಯುವುದು ಟ್ಯಾನಿನ್‌ಗಳ ಕಂದು. ಅದೇ ಕುಚಿಬ.

ಗೊಬ್ಬರವಾದ ಎಲೆ

ಕ್ಯೋಟೊದ ಆಸ್ಥಾನಿಕರು ಎಲೆಯನ್ನು ನೋಡುತ್ತಿದ್ದಾಗ ಹಳ್ಳಿಯ ರೈತ ಅದನ್ನು ಏನು ಮಾಡುತ್ತಿದ್ದ? ಇದಕ್ಕೆ ಉತ್ತರ ಟೋಕಿಯೊದ ಪಕ್ಕದ ಮುಸಾಶಿನೊ ಬಯಲಿನಲ್ಲಿದೆ. ಅಲ್ಲಿಯದು ಜ್ವಾಲಾಮುಖಿಯ ಬೂದಿಯಿಂದಾದ ಸತ್ವಹೀನ ಮಣ್ಣು, ನೀರೂ ಅಪರೂಪ. 1694ರಲ್ಲಿ ಕವಾಗೊಯೆಯ ಪಾಳೆಯಗಾರ ಯಾನಗಿಸಾವ ಯೋಶಿಯಾಸು ಅಲ್ಲಿ ಹೊಸ ಹಳ್ಳಿಗಳನ್ನು ಕಟ್ಟಿಸಿದ. ಮೂರು ಹಳ್ಳಿಗಳು, 180 ಮನೆಗಳು. ಪ್ರತಿ ಮನೆಗೆ ಸುಮಾರು 72 ಮೀಟರ್ ಅಗಲ, 675 ಮೀಟರ್ ಉದ್ದದ ಪಟ್ಟಿ. ರಸ್ತೆಯ ಬದಿಗೆ ಮನೆ, ನಡುವೆ ಹೊಲ, ಹಿಂದುಗಡೆ ಕಾಡು. ಆ ಕಾಡು ಮೇಪಲ್ ಮರಗಳದ್ದಲ್ಲ, ಎಲೆ ಉದುರಿಸುವ ಓಕ್ ಮರಗಳದ್ದು.

ಚಳಿಗಾಲದಲ್ಲಿ ಮನೆಮಂದಿಯೆಲ್ಲ ಕಾಡಿಗೆ ಹೋಗಿ ಬಿದಿರಿನ ಕುಂಟೆಯಿಂದ ಎಲೆ ಬಾಚಿ, ದೊಡ್ಡ ಬುಟ್ಟಿಗಳಲ್ಲಿ ತುಳಿದು ತುಂಬಿ, ಕೊಳೆಹಾಕಿ ಗೊಬ್ಬರ ಮಾಡುತ್ತಿದ್ದರು. ಆ ಗೊಬ್ಬರದಿಂದ ಬರಡು ನೆಲ ಸಿಹಿಗೆಣಸಿನ ಹೊಲವಾಯಿತು. ನಮ್ಮ ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಸೊಪ್ಪಿನಬೆಟ್ಟದಿಂದ ದರಕು ಬಾಚಿ ತರುವುದು ಅವರಿಗೆ ತಲೆಮಾರುಗಳ ಅಭ್ಯಾಸ. ಮುನ್ನೂರು ವರ್ಷ ದಾಟಿದರೂ ಮುಸಾಶಿನೊದ ಕೆಲವು ಮನೆಗಳಲ್ಲಿ ಈ ಪದ್ಧತಿ ಉಳಿದಿದೆ. 2023ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಇದನ್ನು ಜಾಗತಿಕ ಮಹತ್ವದ ಕೃಷಿ ಪರಂಪರೆಗಳ ಪಟ್ಟಿಗೆ ಸೇರಿಸಿತು.

ವಿಚಿತ್ರವೆಂದರೆ, ಕೆಂಪೆಲೆಯ ಮೇಲೆ ಸಾವಿರಾರು ಪದ್ಯ ಬರೆದವರಿಗೆ ಈ ಓಕ್ ಕಾಡಿನ ಕಂದು ಎಲೆಗಳು ಬಹುಕಾಲ ಕಾಣಿಸಲೇ ಇಲ್ಲ. ಕಾಣಿಸಿಕೊಟ್ಟವರು ಲೇಖಕ ಕುನಿಕಿದ ದೊಪ್ಪೊ, 1898ರಲ್ಲಿ ‘ಮುಸಾಶಿನೊ’ ಎಂಬ ಬರಹದಲ್ಲಿ. ಅವರ ಕಣ್ಣು ತೆರೆಸಿದ್ದು ರಷ್ಯಾದ ತುರ್ಗೆನೆವ್. ತುರ್ಗೆನೆವ್‌ನ ಕಥೆಯೊಂದನ್ನು ಫುತಬಾತೆಯಿ ಶಿಮೆಯಿ 1888ರಲ್ಲಿ ಜಪಾನಿಗೆ ತಂದಿದ್ದರು. ಅದರಲ್ಲಿನ ಬರ್ಚ್ ಕಾಡಿನ ವರ್ಣನೆ ಓದಿದ ಮೇಲೆಯೇ ಎಲೆ ಉದುರಿಸುವ ಕಾಡಿನ ಚೆಲುವು ತನಗೆ ಅರ್ಥವಾಯಿತೆಂದು ದೊಪ್ಪೊ ಬರೆದರು. ಸಾವಿರ ವರ್ಷ ಹಿಂದೆ ಚೀನಾದ ಪುಸ್ತಕ ಮಾಡಿದ ಕೆಲಸವನ್ನು ಈ ಬಾರಿ ರಷ್ಯಾದ ಪುಸ್ತಕ ಮಾಡಿತು. ರೈತನ ಗೊಬ್ಬರ ಸಾಹಿತ್ಯದ ವಸ್ತುವಾಯಿತು.

ಎಲೆ ಉದುರಿದ ದಿನ

ಇಂದು ಎಲೆಯ ಲೆಕ್ಕ ಇಡುವುದು ಜಪಾನಿನ ಹವಾಮಾನ ಇಲಾಖೆ. 1953ರಿಂದ ಅದು ನಗರಗಳಲ್ಲಿ ಗೊತ್ತುಮಾಡಿದ ಮರಗಳನ್ನು ಪ್ರತಿ ವರ್ಷ ಗಮನಿಸುತ್ತಿದೆ. ಹಸಿರು ಹೆಚ್ಚುಕಡಿಮೆ ಉಳಿಯದಂತಾದ ದಿನ ಮೇಪಲ್ ಕೆಂಪಾದ ದಿನ. ಶೇಕಡಾ 80ರಷ್ಟು ಎಲೆ ಬಿದ್ದ ದಿನ ಎಲೆ ಉದುರಿದ ದಿನ. 2021ರಲ್ಲಿ ಇಲಾಖೆ ಹಕ್ಕಿ, ಹುಳು, ಗಿಡಗಳ 57 ಜಾತಿಗಳ ವೀಕ್ಷಣೆಯನ್ನು ಕೇವಲ ಆರು ಗಿಡಗಳಿಗೆ ಇಳಿಸಿತು. ಆ ಆರರಲ್ಲಿ ಮೇಪಲ್ ಮತ್ತು ಗಿಂಕೊ ಉಳಿದವು. ಅವುಗಳ ಎಲೆ ಉದುರುವ ದಿನವೂ ಉಳಿಯಿತು.

ಈ ದಾಖಲೆ ಹೇಳುವುದು ಹಿತವಾದ ಸುದ್ದಿಯಲ್ಲ. ಮೇಪಲ್ ಕೆಂಪಾಗುವ ದಿನ ಹತ್ತು ವರ್ಷಕ್ಕೆ ಸುಮಾರು ಮೂರು ದಿನದಂತೆ ತಡವಾಗುತ್ತಿದೆ. 1953ರಿಂದ ಲೆಕ್ಕ ಹಾಕಿದರೆ ಇದು ಎರಡು ವಾರಕ್ಕೂ ಹೆಚ್ಚು. ನವೆಂಬರಿನ ಎಲೆ ಡಿಸೆಂಬರಿಗೆ ಬಂದು ನಿಂತಿದೆ. ಋತು ತಪ್ಪಿದ ಬಣ್ಣ ತೊಟ್ಟವಳನ್ನು ಹೈಯಾನ್ ಅರಮನೆ ಆಡಿಕೊಳ್ಳುತ್ತಿತ್ತು. ಈಗ ಮರವೇ ಋತು ತಪ್ಪುತ್ತಿದೆ.

ಮುಸಾಶಿನೊದ ಕಾಡಿಗೆ ಬಂದಿರುವುದು ಬೇರೆಯ ಕುತ್ತು. ನಗರ ಬೆಳೆದು ನೆಲದ ಬೆಲೆ ಏರಿದೆ. ಮನೆಯ ಹಿರಿಯ ತೀರಿಕೊಂಡಾಗ ಹೊಲಕ್ಕಿಂತ ಮೊದಲು ಮಾರಾಟಕ್ಕೆ ಬರುವುದು ಹಿಂದುಗಡೆಯ ಕಾಡು, ಉತ್ತರಾಧಿಕಾರದ ತೆರಿಗೆ ಕಟ್ಟಲು. ಅಲ್ಲಿ ಗೋದಾಮುಗಳು ಏಳುತ್ತವೆ. ಕಾಡು ಉಳಿದ ಮನೆಗಳಲ್ಲೂ ಬಾಚಲು ಕೈಗಳು ಸಾಲದೆ, ಊರಿನಿಂದ ಸ್ವಯಂಸೇವಕರು ಬಂದು ನೆರವಾಗುತ್ತಾರೆ. ಬಾಚದೆ ಬಿಟ್ಟ ಕಾಡಿನಲ್ಲಿ ಪೊದೆ ಬೆಳೆದು ಓಕ್ ಸಸಿಗಳು ಏಳುವುದಿಲ್ಲ. ಹಣ್ಣೆಲೆ ಬಿದ್ದರಷ್ಟೇ ಸಾಲದು, ಚಿಗುರೆಲೆ ನಗಬೇಕಾದರೆ ಅದನ್ನು ಬಾಚುವವರೂ ಇರಬೇಕು. ಹೊಸ ವರ್ಷ ಕಳೆದ ಚಳಿಯ ದಿನಗಳಲ್ಲಿ, ಬಣ್ಣವೆಲ್ಲ ಹೋಗಿ ಕಂದಾದ ಆ ಎಲೆಗಳನ್ನು ಅವರು ಈಗಲೂ ಬುಟ್ಟಿಗೆ ತುಂಬುತ್ತಿದ್ದಾರೆ.